ದೀರ್ಘಪಾಠವೇ, ಮೂಲಪಾಠವೇ?

ಧಾರವಾಡದಲ್ಲಿ ಕನ್ನಡ ಎಂ.ಎ. ಓದುವ ವಿದ್ಯಾರ್ಥಿಗೆ ಗ್ರಂಥಸಂಪಾದನೆ ಅಪರಿಚಿತ ವಿಷಯವಲ್ಲ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಆರ್. ಸಿ. ಹಿರೇಮಠ, ಎಂ. ಎಂ. ಕಲಬುರ್ಗಿ ಅವರಂಥವರು ಬೆಳೆಸಿದ ವಿದ್ಯೆ ಅದು. ಮೂಲಪಾಠ, ಪಾಠಾಂತರ, ಪ್ರಕ್ಷೇಪ ಮುಂತಾದ ಮಾತುಗಳು ತರಗತಿಯಲ್ಲಿ ದಿನವೂ ಕಿವಿಗೆ ಬೀಳುತ್ತವೆ. ಅದೇ ವಿದ್ಯಾರ್ಥಿ ರಾತ್ರಿ ಹಾಸ್ಟೆಲಿನಲ್ಲಿ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಚಿತ್ರಮಾಲೆಯ ವಿಸ್ತೃತ ಆವೃತ್ತಿಯನ್ನು ನೋಡಲು ಕುಳಿತನೆಂದರೆ ಹಗಲು ಕಲಿತದ್ದನ್ನೆಲ್ಲ ಪಕ್ಕಕ್ಕಿಡುತ್ತಾನೆ. ಉದ್ದವಾದುದು ಪೂರ್ಣವಾದುದು, ಪೂರ್ಣವಾದುದೇ ಮೂಲ ಎಂದು ನಂಬಿಬಿಡುತ್ತಾನೆ. ಓಲೆಗರಿಯ ವಿಷಯದಲ್ಲಿ ಯಾರೂ ಒಪ್ಪದ ಈ ತರ್ಕವು ಚಲನಚಿತ್ರದ ವಿಷಯದಲ್ಲಿ ಪ್ರಶ್ನೆಯಿಲ್ಲದೆ ನಡೆದುಬಂದಿದೆ.

ನ್ಯೂಜಿಲೆಂಡಿನ ಪೀಟರ್ ಜಾಕ್ಸನ್ ನಿರ್ದೇಶಿಸಿದ ಈ ಮೂರು ಚಿತ್ರಗಳು 2001, 2002 ಮತ್ತು 2003ರ ಡಿಸೆಂಬರ್ ತಿಂಗಳುಗಳಲ್ಲಿ ತೆರೆಗೆ ಬಂದವು. ಪ್ರತಿಯೊಂದರ ವಿಸ್ತೃತ ಆವೃತ್ತಿಯೂ ಮರುವರ್ಷದ ಕೊನೆಯ ಹೊತ್ತಿಗೆ ಮನೆಯಲ್ಲಿ ನೋಡುವ ಡಿ.ವಿ.ಡಿ. ರೂಪದಲ್ಲಿ ಹೊರಬಂದಿತು. ಮೊದಲನೆಯದು 178 ನಿಮಿಷಗಳಿಂದ 208ಕ್ಕೆ, ಎರಡನೆಯದು 179ರಿಂದ 223ಕ್ಕೆ, ಮೂರನೆಯದು 201ರಿಂದ 251ಕ್ಕೆ ಬೆಳೆಯಿತು. ಕೊನೆಯಲ್ಲಿ ಉರುಳುವ ಅಭಿಮಾನಿಗಳ ಹೆಸರುಗಳ ಪಟ್ಟಿ ಈ ಲೆಕ್ಕಕ್ಕೆ ಸೇರಿಲ್ಲ. ಒಟ್ಟಿನಲ್ಲಿ ಎರಡು ಗಂಟೆಗೂ ಮಿಕ್ಕಿದ ಹೊಸ ಭಾಗ. ಅದಕ್ಕೆ ತಕ್ಕಂತೆ ಹೊವಾರ್ಡ್ ಶೋರ್ ಹೊಸದಾಗಿ ಸಂಗೀತವನ್ನೂ ರಚಿಸಿದರು. ನಾಲ್ಕು ಡಿಸ್ಕುಗಳ ಪೆಟ್ಟಿಗೆಯನ್ನು ಚರ್ಮದ ರಟ್ಟಿನ ಹಳೆಯ ಗ್ರಂಥದಂತೆ ಕಾಣುವ ಹಾಗೆ ರೂಪಿಸಲಾಗಿತ್ತು. ಗ್ರಂಥವೆನಿಸಿಕೊಳ್ಳುವ ಆಸೆ ಚಿತ್ರಕ್ಕೇ ಇದ್ದ ಮೇಲೆ ಅದನ್ನು ಗ್ರಂಥದಂತೆಯೇ ಪರೀಕ್ಷಿಸುವುದು ನ್ಯಾಯ.

ಮೊದಲು ನೋಡಬೇಕಾದುದು ಕರ್ತೃವಿನ ಅಭಿಪ್ರಾಯ. ಚಿತ್ರಮಂದಿರದಲ್ಲಿ ಬಂದ ಪಾಠವೇ ತಮ್ಮ ನಿರ್ಣಾಯಕ ಪಾಠವೆಂಬ ಅರ್ಥದ ಮಾತನ್ನು ಜಾಕ್ಸನ್ ಆಡಿದ್ದಾರೆ. ಪೆಟ್ಟಿಗೆಯ ಮೇಲಿರುವುದೂ ‘ವಿಶೇಷ ವಿಸ್ತೃತ ಆವೃತ್ತಿ’ ಎಂಬ ಅರ್ಥದ ಹೆಸರೇ ಹೊರತು ‘ನಿರ್ದೇಶಕರ ಆವೃತ್ತಿ’ ಎಂದಲ್ಲ. ಆದ್ದರಿಂದ ದೀರ್ಘಪಾಠವನ್ನು ಮೂಲವೆನ್ನುವಂತಿಲ್ಲ. ಪ್ರಕ್ಷೇಪವೆನ್ನೋಣವೇ? ಪ್ರಕ್ಷೇಪಕ್ಕೆ ಪರಹಸ್ತ ಬೇಕು. ಇಲ್ಲಿ ಬರೆದವನೂ ತೆಗೆದವನೂ ಮತ್ತೆ ಸೇರಿಸಿದವನೂ ಒಬ್ಬನೇ.

ಕಿರಿದಾದ ಪಾಠವೇ ಹಿರಿದಾದುದಕ್ಕಿಂತ ಪ್ರಾಚೀನವಿರಬಹುದೆಂಬುದು ಗ್ರಂಥಸಂಪಾದನೆಯ ಒಂದು ಹಳೆಯ ಊಹೆ. ಲಿಪಿಕಾರರು ಬಿಡುವುದಕ್ಕಿಂತ ಸೇರಿಸುವುದೇ ಹೆಚ್ಚು ಎಂಬುದು ಅದರ ಆಧಾರ. ಚಲನಚಿತ್ರದಲ್ಲಿ ಆ ಸೂತ್ರ ಕೈಕೊಡುತ್ತದೆ. ಮೂರೂ ಚಿತ್ರಗಳ ಮುಖ್ಯ ಚಿತ್ರೀಕರಣ 1999ರ ಅಕ್ಟೋಬರಿನಿಂದ 2000ದ ಡಿಸೆಂಬರಿನವರೆಗೆ ಒಟ್ಟಿಗೇ ನಡೆಯಿತು. ಹೀಗಾಗಿ ‘ಹೊಸ’ ದೃಶ್ಯಗಳಲ್ಲಿ ಅನೇಕವು ಹ್ರಸ್ವಪಾಠ ಸಿದ್ಧವಾಗುವುದಕ್ಕಿಂತ ಮುಂಚೆಯೇ ಇದ್ದವು. ದ್ರವ್ಯ ಹಳೆಯದು, ಜೋಡಣೆ ಹೊಸದು. ಮೊದಲ ಚಿತ್ರದಲ್ಲಿ ಎಲ್ಫ್ ಜನಾಂಗದವರು ಸ್ಯಾಮ್‌ಗೆ ಹಗ್ಗ ಕೊಡುವ ದೃಶ್ಯ ದೀರ್ಘಪಾಠದಲ್ಲಿ ಮಾತ್ರ ಇದೆ. ಆದರೆ ಎರಡನೆಯ ಚಿತ್ರದ ಎರಡೂ ಪಾಠಗಳಲ್ಲಿ ಆ ಹಗ್ಗ ಗೊಲ್ಲಮ್‌ನ ಕೊರಳನ್ನು ಸುಡುತ್ತದೆ. ಚಿತ್ರಮಂದಿರದ ಪಾಠವನ್ನಷ್ಟೇ ನೋಡಿದವನಿಗೆ ಹಗ್ಗ ಎಲ್ಲಿಂದ ಬಂತೆಂಬುದು ತಿಳಿಯದು. ಹಸ್ತಪ್ರತಿಯಲ್ಲಿ ಇಂಥದು ಕಂಡರೆ ಸಂಪಾದಕನು ಲುಪ್ತಪಾಠವಿದೆಯೆಂದು ಗುರುತು ಹಾಕುತ್ತಾನೆ.

ಪಾಠಭೇದದಿಂದ ಅರ್ಥವೇ ಬದಲಾಗುವ ಒಂದು ಸ್ಥಳವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಎರಡನೆಯ ಚಿತ್ರದಲ್ಲಿ ಫರಾಮಿರ್ ಎಂಬ ಸೇನಾನಿಯ ಕೈಗೆ ಉಂಗುರವನ್ನು ಹೊತ್ತ ಫ್ರೋಡೋ ಸಿಕ್ಕಿಬೀಳುತ್ತಾನೆ. ಟೋಲ್ಕಿನ್ನರ ಕಾದಂಬರಿಯಲ್ಲಿ ಫರಾಮಿರ್ ಆ ಉಂಗುರಕ್ಕೆ ಆಸೆಪಡದೆ ಅವನನ್ನು ಹೋಗಗೊಡುತ್ತಾನೆ. ಚಿತ್ರದಲ್ಲಿ ಹಾಗಿಲ್ಲ, ಉಂಗುರದ ಸಂಗತಿ ತಿಳಿದೊಡನೆ ತನ್ನ ಯೋಗ್ಯತೆ ತೋರಿಸಲು ಇದೊಂದು ಅವಕಾಶವೆಂದು ಹೇಳಿ ಸೆರೆಯಾಳನ್ನು ಯುದ್ಧಭೂಮಿಗೆ ಎಳೆದೊಯ್ಯುತ್ತಾನೆ. ಹ್ರಸ್ವಪಾಠದಲ್ಲಿ ಈ ಮಾತಿಗೆ ಲೋಭವೆಂಬುದೊಂದೇ ಅರ್ಥ. ಕಾದಂಬರಿಯ ಓದುಗರಲ್ಲಿ ಹಲವರು ಮುನಿದದ್ದು ಇದಕ್ಕೇ. ದೀರ್ಘಪಾಠವು ಇಲ್ಲಿ ಒಂದು ಪೂರ್ವವೃತ್ತಾಂತವನ್ನು ಸೇರಿಸುತ್ತದೆ. ಉಂಗುರವನ್ನು ತರಲು ಹಿರಿಯ ಮಗ ಬೊರೊಮಿರ್‌ನನ್ನು ತಂದೆ ಕಳಿಸುವಾಗ ತಾನು ಹೋಗುವೆನೆಂದು ಫರಾಮಿರ್ ಮುಂದೆ ಬರುತ್ತಾನೆ. ತಂದೆ ಡೆನೆಥಾರ್ ಆಗ ಯೋಗ್ಯತೆ ತೋರಿಸುವ ಅವಕಾಶವೆಂಬ ಅದೇ ಮಾತನ್ನು ವ್ಯಂಗ್ಯವಾಗಿ ಆಡಿ ಅವನನ್ನು ಹಂಗಿಸುತ್ತಾನೆ. ಇದನ್ನು ನೋಡಿದ ಮೇಲೆ ಫರಾಮಿರ್‌ನ ಬಾಯಲ್ಲಿರುವುದು ಅವನ ಸ್ವಂತ ಮಾತಲ್ಲ, ತಂದೆಯ ತಿರಸ್ಕಾರದ ಮರುದನಿ. ಒಂದೇ ವಾಕ್ಯ ಒಂದು ಪಾಠದಲ್ಲಿ ಲೋಭ, ಇನ್ನೊಂದರಲ್ಲಿ ಗಾಯ. ‘ಚಿತ್ರದಲ್ಲಿ ಫರಾಮಿರ್‌ನ ಪಾತ್ರ ಕುಗ್ಗಿದೆ’ ಎಂದು ಪ್ರಬಂಧ ಬರೆಯುವ ಸಂಶೋಧಕನು ಯಾವ ಪಾಠವೆಂದು ಹೇಳದಿದ್ದರೆ ಅವನ ನಿರ್ಣಯಕ್ಕೆ ಬೆಲೆಯಿಲ್ಲ.

ಸೇರಿಸಿದ್ದೆಲ್ಲ ಇಷ್ಟು ಫಲವತ್ತಾಗಿದೆಯೆಂದಲ್ಲ. ಮಾಂತ್ರಿಕ ಸಾರುಮಾನ್‌ನ ಮರಣವನ್ನು ಮೂರನೆಯ ಚಿತ್ರದ ಚಿತ್ರಮಂದಿರ ಪಾಠದಿಂದ ಕೈಬಿಟ್ಟಾಗ ಆ ಪಾತ್ರಧಾರಿ ಕ್ರಿಸ್ಟೋಫರ್ ಲೀ ಬಹಿರಂಗವಾಗಿಯೇ ನೊಂದುಕೊಂಡರು. ದೀರ್ಘಪಾಠದಲ್ಲಿ ಆ ದೃಶ್ಯ ಮರಳಿದೆ. ನಟನಿಗೆ ನ್ಯಾಯ ದೊರಕಿತು, ಕಥೆಯ ಆರಂಭಕ್ಕೆ ಮಾತ್ರ ಅದು ಭಾರವಾಯಿತು. ಹಿಂದಿನ ಚಿತ್ರದ ಕೊನೆಗೆ ಸಲ್ಲಬೇಕಾದ ಘಟನೆ ಮುಂದಿನದರ ಬಾಗಿಲಲ್ಲಿ ನಿಂತಂತಿದೆ.

ಕೃತಿ ಬೆಳೆದ ಮೇಲೆ ಹೊಲಿಗೆ ಎಲ್ಲಿದೆಯೆಂದು ತೋರಿಸುವ ಶಿಸ್ತು ಈ ನಾಡಿಗೆ ಹೊಸದಲ್ಲ. ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಹಾವೇರಿಯ ಕಡೆ ಹೋಗುವಾಗ ಸಿಗುವ ಬಂಕಾಪುರ 1997ರವರೆಗೂ ಧಾರವಾಡ ಜಿಲ್ಲೆಯದೇ. ಆಚಾರ್ಯ ಜಿನಸೇನರು ಸಂಸ್ಕೃತ ಆದಿಪುರಾಣದ 42 ಪರ್ವಗಳನ್ನೂ 43ನೆಯದರ ಮೂರು ಶ್ಲೋಕಗಳನ್ನೂ ಬರೆದು ತೀರಿಕೊಂಡರು. ಶಿಷ್ಯ ಗುಣಭದ್ರರು ಉಳಿದುದನ್ನು ಪೂರೈಸಿ ಉತ್ತರಪುರಾಣವನ್ನು ರಚಿಸಿದರು. ಶಕ 820ರಲ್ಲಿ, ಅಂದರೆ ಕ್ರಿ.ಶ. 898ರಲ್ಲಿ, ಲೋಕಾದಿತ್ಯನ ಆಳ್ವಿಕೆಯ ಬಂಕಾಪುರದಲ್ಲಿ ಆ ಗ್ರಂಥಕ್ಕೆ ಪೂಜೆ ಸಂದಿತೆಂದು ಅದರ ಪ್ರಶಸ್ತಿ ತಿಳಿಸುತ್ತದೆ. ಗುರುವಿನ ಕೈ ಯಾವ ಶ್ಲೋಕದಲ್ಲಿ ನಿಂತಿತು, ಶಿಷ್ಯನದು ಎಲ್ಲಿ ಆರಂಭವಾಯಿತು ಎಂಬುದು ಇಂದಿಗೂ ತಿಳಿದಿದೆ. ವಿಸ್ತೃತ ಡಿ.ವಿ.ಡಿ.ಯ ಜೊತೆಗಿದ್ದ ದೃಶ್ಯಸೂಚಿಯಲ್ಲಿಯೂ ಹೊಸ ದೃಶ್ಯಕ್ಕೂ ಬೆಳೆಸಿದ ದೃಶ್ಯಕ್ಕೂ ಚುಕ್ಕೆಗುರುತುಗಳಿದ್ದವು. ಪೆಟ್ಟಿಗೆಯಿಲ್ಲದೆ ಕಡತವಾಗಿ ಮಾತ್ರ ಕೈಯಿಂದ ಕೈಗೆ ಹರಿಯುವ ಪ್ರತಿಯಲ್ಲಿ ಆ ಸೂಚಿ ಇರುವುದಿಲ್ಲ. ಪುಷ್ಪಿಕೆ ಕಳೆದುಹೋದ ಓಲೆಗರಿಯ ಸ್ಥಿತಿ ಅದರದು.

ದೀರ್ಘಪಾಠ ಪ್ರಚಾರಕ್ಕೆ ಬಂದು ಮೊದಲಿನದು ಮರೆಗೆ ಸರಿಯುವುದಕ್ಕೆ ಶೂನ್ಯಸಂಪಾದನೆಯಷ್ಟು ಹತ್ತಿರದ ನಿದರ್ಶನ ಬೇರೆಯಿಲ್ಲ. ಶಿವಗಣಪ್ರಸಾದಿ ಮಹದೇವಯ್ಯ ಮೊದಲು ಸಂಕಲಿಸಿದ ಆ ಕೃತಿಯನ್ನು ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣೊಡೆಯ ಒಬ್ಬರಾದ ಮೇಲೊಬ್ಬರು ಪರಿಷ್ಕರಿಸಿದರು. ವಚನಗಳು ಸೇರಿದವು, ಪ್ರಸಂಗಗಳು ಬೆಳೆದವು. ಫ. ಗು. ಹಳಕಟ್ಟಿಯವರು 1930ರಲ್ಲಿ ಅಚ್ಚು ಮಾಡಿಸಿದ್ದೂ, ಕರ್ನಾಟಕ ವಿಶ್ವವಿದ್ಯಾಲಯವು 1965ರಿಂದ 1972ರವರೆಗೆ ಐದು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದದ್ದೂ ಕೊನೆಯದಾದ ಗೂಳೂರು ಪಾಠವನ್ನು. ಬಹುಕಾಲ ಓದುಗರಿಗೆ ಶೂನ್ಯಸಂಪಾದನೆಯೆಂದರೆ ಅದೇ ಆಗಿತ್ತು. ಇಲ್ಲಿ ಸಂಪಾದಕರು ಬೇರೆ ಬೇರೆ, ಅವರ ಧಾರ್ಮಿಕ ಉದ್ದೇಶಗಳೂ ಬೇರೆ. ಚಿತ್ರದೊಂದಿಗೆ ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ. ಮೊದಲ ಪಾಠ ಮರೆಯಾಗುವ ಬಗೆ ಮಾತ್ರ ಒಂದೇ.

ಭಾಷಾಶಾಸ್ತ್ರಜ್ಞರಾಗಿದ್ದ ಟೋಲ್ಕಿನ್ನರಿಗೆ ಈ ತೊಡಕು ಚೆನ್ನಾಗಿ ಗೊತ್ತಿತ್ತು. 1937ರ ‘ದಿ ಹಾಬಿಟ್’ ಕೃತಿಯಲ್ಲಿ ಗೊಲ್ಲಮ್ ಒಗಟಿನ ಪಂದ್ಯದ ಪಣವಾಗಿ ಉಂಗುರವನ್ನೇ ಒಡ್ಡುತ್ತಾನೆ. ಮುಂದಿನ ಮಹಾಕಥೆಗೆ ಅದು ಹೊಂದದಾದಾಗ 1951ರ ಆವೃತ್ತಿಯಲ್ಲಿ ಆ ಅಧ್ಯಾಯವನ್ನು ತಿದ್ದಿದರು. ಆದರೆ ಹಳೆಯ ಪಾಠವನ್ನು ಅಳಿಸಿಹಾಕಲಿಲ್ಲ. ಅದು ಬಿಲ್ಬೋ ಮೊದಲು ಹೇಳಿದ ಸುಳ್ಳೆಂದು ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಯ ಪೀಠಿಕೆಯಲ್ಲಿ ಬರೆದು ಪಾಠಾಂತರವನ್ನೇ ಕಥೆಯ ಭಾಗವಾಗಿಸಿದರು. ಜಾಕ್ಸನ್ನರ ಡಿಸ್ಕುಗಳಲ್ಲಿ ಇಷ್ಟು ಚಮತ್ಕಾರವಿಲ್ಲ. ಎರಡೂ ಪಾಠಗಳು ಪಕ್ಕಪಕ್ಕದಲ್ಲಿ ಸುಮ್ಮನೆ ಉಳಿದಿವೆ.

ವಿಸ್ತೃತ ಆವೃತ್ತಿಯೊಳಗೂ ಪಾಠಗಳು ಹಲವು. 2011ರ ಬ್ಲೂ-ರೇ ಪ್ರತಿಯಲ್ಲಿ ಮೊದಲ ಚಿತ್ರದ ಬಣ್ಣ ಹಸಿರಿಗೆ ತಿರುಗಿದೆಯೆಂದು ನೋಡುಗರು ತಕರಾರು ತೆಗೆದರು. 2020ರಲ್ಲಿ ಬಂದ ಹೊಸ ಪರಿಷ್ಕರಣದಲ್ಲಿ ಬಣ್ಣ ಮತ್ತೆ ಬದಲಾಯಿತು. ಉಲ್ಲೇಖದಲ್ಲಿ ನಿಮಿಷ ನಮೂದಿಸಿದರೆ ಸಾಕೆಂದರೆ ಅದೂ ಆಗದು. ಸೆಕೆಂಡಿಗೆ 24 ಚೌಕಟ್ಟುಗಳಂತೆ ತೆಗೆದ ಚಿತ್ರ ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯ ಡಿ.ವಿ.ಡಿ.ಯಲ್ಲಿ 25ರ ವೇಗದಲ್ಲಿ ಓಡುತ್ತದೆ. ಬ್ಲೂ-ರೇಯಲ್ಲಿ 100ನೆಯ ನಿಮಿಷಕ್ಕೆ ಬರುವ ಮಾತು ಅದರಲ್ಲಿ 96ನೆಯ ನಿಮಿಷಕ್ಕೇ ಬಂದುಹೋಗಿರುತ್ತದೆ. ಹುಬ್ಬಳ್ಳಿ-ಧಾರವಾಡದ ಯಾವುದಾದರೂ ಪಿಎಚ್.ಡಿ. ಪ್ರಬಂಧದ ಅಡಿಟಿಪ್ಪಣಿಯಲ್ಲಿ ಈ ಚಿತ್ರಗಳು ಬರುವುದಾದರೆ ಪಾಠ ಯಾವುದು, ವರ್ಷ ಯಾವುದು, ಮಾಧ್ಯಮ ಯಾವುದು ಎಂಬ ಮೂರನ್ನೂ ಬರೆಯಬೇಕಾಗುತ್ತದೆ. ನಿಮಿಷ ಆಮೇಲಿನ ಮಾತು.