ಊರ ಕಣ್ಣೆದುರಿನ ಒಲವು

ಕೊರಿಯಾದ ಹಳ್ಳಿಮನೆಯ ಅಂಗಳದಲ್ಲಿ ಮೊಳಕಾಲೆತ್ತರದ, ಅಗಲವಾದ ಒಂದು ಮರದ ಮಂಚ ಇರುತ್ತದೆ. ಪ್ಯೊಂಗ್‌ಸಾಂಗ್ ಅನ್ನುತ್ತಾರೆ. ಅದರ ಮೇಲೆ ಕೂತು ಸೊಪ್ಪು ಬಿಡಿಸುತ್ತಾರೆ, ಕೆಂಪು ಮೆಣಸಿನಕಾಯಿ ಹರವುತ್ತಾರೆ, ಕಲ್ಲಂಗಡಿ ಹೆಚ್ಚುತ್ತಾರೆ, ಮಧ್ಯಾಹ್ನ ಜೊಂಪು ಹತ್ತಿದರೆ ಅಲ್ಲೇ ಅಡ್ಡಾಗುತ್ತಾರೆ. ದಾರಿಯಲ್ಲಿ ಹೋಗುವವರು ಕರೆಯದೆಯೇ ಬಂದು ಅದರ ತುದಿಗೆ ಕೂರುತ್ತಾರೆ. ಹಳ್ಳಿಯಲ್ಲಿ ನಡೆಯುವ ಕೊರಿಯನ್ ಪ್ರೇಮಕತೆ ಯಾವುದೇ ಇರಲಿ, ಮೊದಲ ಕಂತಿನಲ್ಲಿ ಈ ಮಂಚ ಕಂಡಿತೆಂದರೆ ನನ್ನ ಮನಸ್ಸು ಹಗುರಾಗುತ್ತದೆ. ಇನ್ನು ಈ ಕತೆಯಲ್ಲಿ ಯಾರೂ ಬಹಳ ಹೊತ್ತು ಒಂಟಿಯಾಗಿ ಉಣ್ಣುವುದಿಲ್ಲ ಎಂಬ ಭರವಸೆ ಬರುತ್ತದೆ.

ಈ ಧಾರಾವಾಹಿಗಳ ಕತೆಯನ್ನು ಎರಡು ಮಾತಿನಲ್ಲಿ ಹೇಳಿ ಮುಗಿಸಬಹುದು. ಸೋಲ್ ನಗರದಲ್ಲಿ ಕೆಲಸವನ್ನೋ ನೆಮ್ಮದಿಯನ್ನೋ ಕಳೆದುಕೊಂಡ ಒಬ್ಬರು ಸಣ್ಣ ಊರಿಗೆ ಬರುತ್ತಾರೆ. ಅಲ್ಲಿ ಊರಿನ ಎಲ್ಲರಿಗೂ ಬೇಕಾದ ಒಬ್ಬರಿರುತ್ತಾರೆ. ಮೊದಲು ಜಗಳ, ಆಮೇಲೆ ಪ್ರೀತಿ. ಮುಂದೇನಾಗುತ್ತದೆಂದು ನನಗೂ ಗೊತ್ತು, ನಿಮಗೂ ಗೊತ್ತು. ಆದರೂ ರಾತ್ರಿಯ ಕೆಲಸ ಮುಗಿಸಿ ಒಂದೊಂದೇ ಕಂತು ನೋಡುವ ಸುಖವನ್ನು ನಾನು ಯಾವ ರೋಚಕ ಕತೆಗೂ ಬಿಟ್ಟುಕೊಡಲಾರೆ. ಯಾಕೆಂದರೆ ಇಲ್ಲಿ ಇಬ್ಬರ ಪ್ರೀತಿ ಇಬ್ಬರದಷ್ಟೇ ಆಗಿ ಉಳಿಯುವುದಿಲ್ಲ. ಒಬ್ಬರನ್ನು ಒಪ್ಪಿಕೊಳ್ಳುವ ಮೊದಲು ಊರನ್ನು ಒಪ್ಪಿಕೊಳ್ಳಬೇಕು, ಊರೂ ಒಪ್ಪಿಕೊಳ್ಳಬೇಕು.

ನನಗೆ ಬಹಳ ಇಷ್ಟವಾದದ್ದು 2021ರ ‘ಹೋಮ್‌ಟೌನ್ ಚಾ-ಚಾ-ಚಾ’. ಹದಿನಾರು ಕಂತು. ನಾಯಕಿ ಯೂನ್ ಹೇ-ಜಿನ್ ದಂತವೈದ್ಯೆ. ಆ ಪಾತ್ರ ಶಿನ್ ಮಿನ್-ಆ ಅವರದು. ರೋಗಿಗಳಿಗೆ ಬೇಡದ ಚಿಕಿತ್ಸೆ ಮಾಡಿಸುವ ಮೇಲಧಿಕಾರಿಯನ್ನು ಎದುರಿಸಿ ಸೋಲ್‌ನ ಕೆಲಸ ಬಿಟ್ಟು, ಗೊಂಗ್‌ಜಿನ್ ಎಂಬ ಕಡಲೂರಿಗೆ ಬಂದು ಸ್ವಂತ ಕ್ಲಿನಿಕ್ ತೆರೆಯುತ್ತಾಳೆ. ಬಂದ ಹೊಸದರಲ್ಲಿ ಊರ ಹಿರಿಯರ ಕೂಟದಿಂದ ಎದ್ದುಹೋಗಿ, ಗೆಳತಿಗೆ ಫೋನ್ ಮಾಡಿ ಅಲ್ಲಿಯ ಜನರನ್ನು ಮನಸಾರೆ ಬೈಯುತ್ತಾಳೆ. ಪಕ್ಕದಲ್ಲಿದ್ದ ಮೈಕ್ ಆನ್ ಆಗಿರುತ್ತದೆ. ಊರಿನ ಧ್ವನಿವರ್ಧಕಗಳಲ್ಲಿ ಅವಳ ಮಾತು ಒಂದೂ ಬಿಡದೆ ಎಲ್ಲರ ಕಿವಿಗೆ ಬೀಳುತ್ತದೆ. ಮರುದಿನದಿಂದ ಕ್ಲಿನಿಕ್ಕಿಗೆ ಒಂದು ನರಪಿಳ್ಳೆಯೂ ಬರುವುದಿಲ್ಲ.

ಕೊರಿಯಾದ ಹಳ್ಳಿಗಳಲ್ಲಿ ಇಂಥ ಧ್ವನಿವರ್ಧಕ ನಿಜವಾಗಿಯೂ ಇರುತ್ತದೆ. ಸಭೆ, ಬಿರುಗಾಳಿಯ ಎಚ್ಚರಿಕೆ, ಯಾರದೋ ಮನೆಯ ಸಮಾರಂಭ, ಎಲ್ಲವನ್ನೂ ಊರ ಮುಖ್ಯಸ್ಥ ಅದರಲ್ಲಿ ಸಾರುತ್ತಾನೆ. ಅದನ್ನೇ ತೆಗೆದುಕೊಂಡು ನಾಯಕಿಯ ಬಾಯಿಗೆ ಹಿಡಿದದ್ದು ಲೇಖಕಿ ಶಿನ್ ಹಾ-ಉನ್ ಅವರ ಜಾಣ್ಮೆ. ಹಳ್ಳಿಯಲ್ಲಿ ಮನಸ್ಸಿನ ಮಾತು ಬಚ್ಚಿಡಲು ಜಾಗವಿಲ್ಲ ಎಂದು ಉಪನ್ಯಾಸ ಕೊಡುವ ಬದಲು ಅವರು ಒಂದು ಗುಂಡಿ ಒತ್ತಿದ್ದಾರೆ, ಅಷ್ಟೆ. ಕ್ಷಮೆ ಕೇಳುವುದೂ ಹಾಗೆಯೇ, ಎಲ್ಲರೆದುರಿಗೆ. ಮುಂದೆ ಪ್ರೀತಿ ಹುಟ್ಟಿದಾಗ ಅದೂ ಬಚ್ಚಿಡಲು ಬರುವುದಿಲ್ಲ. ತಾವಿಬ್ಬರು ಪರಸ್ಪರ ಹೇಳಿಕೊಳ್ಳುವ ಮೊದಲೇ ಮೀನಿನ ಹೋಟೆಲಿನವಳಿಗೆ, ದಿನಸಿ ಅಂಗಡಿಯವಳಿಗೆ, ಹಿಂದೊಮ್ಮೆ ಹಾಡುಗಾರನಾಗಿದ್ದ ಕೆಫೆಯವನಿಗೆ ಸುಳಿವು ಸಿಕ್ಕಿರುತ್ತದೆ.

ನಾಯಕ ಹೊಂಗ್ ದು-ಶಿಕ್ ಆಗಿ ಕಿಮ್ ಸನ್-ಹೋ. ಅವನಿಗೆ ಕಾಯಂ ಉದ್ಯೋಗವಿಲ್ಲ, ಬಾರದ ಕೆಲಸವೂ ಇಲ್ಲ. ಮನೆ ಬಾಡಿಗೆಗೆ ಕೊಡಿಸುತ್ತಾನೆ, ಟೈಲ್ಸ್ ಕೂರಿಸುತ್ತಾನೆ, ಕಾಫಿ ಮಾಡುತ್ತಾನೆ, ಮೀನುಮಾರುಕಟ್ಟೆಯಲ್ಲಿ ನಿಲ್ಲುತ್ತಾನೆ, ಮುದುಕಿಯರ ಮನೆಯ ಬಲ್ಬು ಬದಲಿಸುತ್ತಾನೆ. ಯಾವ ಕೆಲಸಕ್ಕೂ ಅವನು ಕೇಳುವುದು ಸರ್ಕಾರದ ಕನಿಷ್ಠ ಕೂಲಿ. ಆ ವರ್ಷ ಅದು ಗಂಟೆಗೆ 8,720 ವೊನ್ ಇತ್ತು. ಕಾರು, ಕಂಪನಿ, ಕೋಟಿಗಟ್ಟಲೆ ಆಸ್ತಿ ಇರುವ ಸೋಲ್‌ನ ನಾಯಕರನ್ನು ನೋಡಿ ನೋಡಿ ಬೇಸತ್ತ ನನಗೆ, ಉಪಕರಣದ ಪೆಟ್ಟಿಗೆ ಹಿಡಿದು ಓಣಿಯಲ್ಲಿ ನಡೆದು ಬರುವ ಈ ಮನುಷ್ಯ ತೀರ ಆಪ್ತನಾದ. ಅವನ ಯೋಗ್ಯತೆ ತಿಳಿಯಲು ಸಂಭಾಷಣೆ ಬೇಡ. ಯಾರ ಮನೆಯ ನಲ್ಲಿ ಸೋರುವುದು ನಿಂತಿತು ಎಂದು ನೋಡಿದರೆ ಸಾಕು.

ಈ ಕತೆಯ ಜೀವ ಇರುವುದು ಅಜ್ಜಿಯರಲ್ಲಿ. ಮೂವರು ಗೆಳತಿಯರು, ಮುಂದಾಳು ಗಮ್‌ರಿ ಅಜ್ಜಿ. 1937ರಲ್ಲಿ ಹುಟ್ಟಿದ ಕಿಮ್ ಯಂಗ್-ಓಕ್ ಆ ಪಾತ್ರ ಮಾಡಿದ್ದಾರೆ. ಹಲ್ಲು ಹಾಳಾಗಿ ಇಷ್ಟದ ಸ್ಕ್ವಿಡ್ ಅಗಿಯಲಾಗದಿದ್ದರೂ ಚಿಕಿತ್ಸೆಗೆ ದುಡ್ಡು ಖರ್ಚು ಮಾಡಲು ಆಕೆಗೆ ಮನಸ್ಸಿಲ್ಲ. ಸೋಲ್‌ನಲ್ಲಿರುವ ಮಗನಿಗೆ ಹೊರೆಯಾಗಬಾರದು. ಡಾಕ್ಟರು ಮೊದಲು ಸಿಡುಕುತ್ತಾಳೆ, ಆಮೇಲೆ ತಾನೇ ಸೋಲುತ್ತಾಳೆ. ಕತೆಯ ಕೊನೆಯ ಭಾಗದಲ್ಲಿ, ಗೆಳತಿಯರ ಜೊತೆ ಹರಟುತ್ತ ಮಲಗಿದ ಅಜ್ಜಿ ಬೆಳಿಗ್ಗೆ ಏಳುವುದಿಲ್ಲ. ನಗಿಸುತ್ತಲೇ ಬಂದ ಧಾರಾವಾಹಿ ಅಲ್ಲಿ ನಿಂತು, ಊರು ಸಾವನ್ನು ಹೇಗೆ ಹೊರುತ್ತದೆಂದು ಬಿಡಿಬಿಡಿಯಾಗಿ ತೋರಿಸುತ್ತದೆ: ಯಾರು ಅಡುಗೆಗೆ ನಿಂತರು, ಯಾರು ಅತ್ತರು, ಅಳಲಾರದ ದು-ಶಿಕ್‌ನನ್ನು ಯಾರು ಗಮನಿಸಿದರು. ಆ ಒಂದೂವರೆ ಕಂತಿನಲ್ಲಿ ಪ್ರೇಮಿಗಳು ಹಿಂದೆ ಸರಿದು ನಿಲ್ಲುತ್ತಾರೆ. ಪ್ರೇಮಕತೆಯೊಂದು ಅಜ್ಜಿಯೊಬ್ಬಳಿಗೆ ಇಷ್ಟು ಜಾಗ ಬಿಟ್ಟುಕೊಟ್ಟದ್ದನ್ನು ನಾನು ಬೇರೆಡೆ ಕಂಡದ್ದು ಅಪರೂಪ.

ಈ ಬಗೆಯ ಕತೆಗಳಿಗೆ ಅಲ್ಲಿ ಒಂದು ಹಳೆಯ ತಾಯಿಬೇರಿದೆ. ಎಂಬಿಸಿ ವಾಹಿನಿಯಲ್ಲಿ 1980ರಿಂದ 2002ರವರೆಗೆ ‘ಜನ್‌ವನ್ ಇಲ್ಗಿ’ ಎಂಬ ಹಳ್ಳಿಯ ಧಾರಾವಾಹಿ 1,088 ಕಂತು ನಡೆಯಿತು. ಕಿಮ್ ಸೂ-ಮಿ ಮೂವತ್ತರ ಆಸುಪಾಸಿನಲ್ಲೇ ಅದರಲ್ಲಿ ಮುದುಕಿಯ ಪಾತ್ರ ಹೊತ್ತು ವರ್ಷಗಟ್ಟಲೆ ಅದನ್ನೇ ಬಾಳಿದರು. ದೇಶ ಕಾರ್ಖಾನೆ, ಬಹುಮಹಡಿ ಮನೆ ಎಂದು ಓಡುತ್ತಿದ್ದ ಕಾಲದಲ್ಲಿ, ಊರು ಬಿಟ್ಟು ಬಂದವರು ಟಿವಿಯಲ್ಲಿ ಊರು ನೋಡುತ್ತಿದ್ದರು. 2022ರ ‘ಒನ್ಸ್ ಅಪಾನ್ ಎ ಸ್ಮಾಲ್ ಟೌನ್’ ತನ್ನ ಕೊರಿಯನ್ ಶೀರ್ಷಿಕೆಯಲ್ಲೇ ಆ ಹಳೆಯ ಧಾರಾವಾಹಿಯ ಹೆಸರನ್ನು ಸೇರಿಸಿಕೊಂಡಿದೆ. ಸೋಲ್‌ನ ಪಶುವೈದ್ಯ, ಅವನು ಬರುವ ಮೊದಲೇ ಪ್ರವಾಸ ಹೊರಟುಬಿಟ್ಟ ಅಜ್ಜ, ಊರಿನ ಪ್ರತಿ ಮನೆಯ ಕಷ್ಟ ಬಲ್ಲ ಪೊಲೀಸ್ ಹುಡುಗಿ. ಅರ್ಧ ಗಂಟೆಯಂತೆ ಹನ್ನೆರಡು ಕಂತು. ಮಾಗಿದ ಪೀಚ್ ಹಣ್ಣು ತಿಂದ ಹಾಗೆ, ಹೆಚ್ಚು ಅಗಿಯುವ ಕೆಲಸವಿಲ್ಲ, ಆದರೆ ಕೈಯೆಲ್ಲ ಘಮಘಮ. ಈ ಲೋಕಕ್ಕೆ ಹೊಸಬರಾದವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಈ ಊರುಗಳು ನಿಜವಲ್ಲ ಎಂಬ ಆಕ್ಷೇಪವಿದೆ. ಒಪ್ಪುತ್ತೇನೆ. ದಕ್ಷಿಣ ಕೊರಿಯಾದ ಅರ್ಧಕ್ಕಿಂತ ಹೆಚ್ಚು ಜನ ಇಂದು ಸೋಲ್ ಮತ್ತು ಅದರ ಸುತ್ತಲಿನ ಪ್ರದೇಶದಲ್ಲಿದ್ದಾರೆ. 2022ರಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ ಮಕ್ಕಳ ಪ್ರಮಾಣ 0.78ಕ್ಕೆ ಇಳಿಯಿತು. ಹಳ್ಳಿಯ ಶಾಲೆಗಳು ಮುಚ್ಚುತ್ತಿವೆ, ಹೊಲದಲ್ಲಿ ಬಾಗಿರುವ ಬೆನ್ನುಗಳಲ್ಲಿ ಎಳೆಯವು ಕಡಿಮೆ. ಆದರೆ ‘ಹೋಮ್‌ಟೌನ್ ಚಾ-ಚಾ-ಚಾ’ ಇದನ್ನು ಮುಚ್ಚಿಟ್ಟಿದೆ ಅನ್ನಲಾರೆ. ಗಮ್‌ರಿ ಅಜ್ಜಿ ಒಬ್ಬಳೇ ಇದ್ದಾಳೆ, ಮಗನ ಫೋನಿಗೆ ಕಾಯುತ್ತಾಳೆ. ದೂರದೂರಿನ ವೈದ್ಯೆಯೊಬ್ಬಳು ಇಲ್ಲೇ ಉಳಿಯಲಿ ಎಂಬ ಇಡೀ ಊರಿನ ಆಸೆ ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರ ಅಲ್ಲೇ ಇದೆ. ಮಕ್ಕಳನ್ನು ಬೆಂಗಳೂರಿಗೆ ಕಳಿಸಿ ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದಿರುವ ನಮ್ಮ ಮಲೆನಾಡಿನ ಹಿರಿಯರಿಗೆ ಆ ಆಸೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನೋಡುವವರಿಗೆ ನನ್ನದೊಂದು ಸಲಹೆ. ಒಂದು ಸಲ ಕತೆಗಾಗಿ ನೋಡಿ. ಇನ್ನೊಂದು ಸಲ ನಾಯಕ ನಾಯಕಿಯರನ್ನು ಬಿಟ್ಟು ಹಿಂದೆ ಇರುವವರನ್ನು ನೋಡಿ. ಮಣ್ಣಿನ ಜಾಡಿಗಳ ಸಾಲಿನಲ್ಲಿ ಸೋಯಾ ಹುದುಗಲು ಇಟ್ಟಿರುವುದು, ಮುದುಕಿಯರ ಹೂವಿನ ಚಿತ್ತಾರದ ಸಡಿಲ ಪ್ಯಾಂಟು, ಮಾತಾಡುತ್ತಲೇ ಸ್ಕ್ವಿಡ್ ಸೀಳುವ ಕೈಗಳ ಚುರುಕು. ಈ ಎರಡನೇ ನೋಟದ ರುಚಿಯೇ ಹೆಚ್ಚು. ಊಟದ ದೃಶ್ಯವನ್ನಂತೂ ಓಡಿಸಬೇಡಿ.

ಗೊಂಗ್‌ಜಿನ್ ಎಂಬ ಊರು ನಕ್ಷೆಯಲ್ಲಿಲ್ಲ. ಚಿತ್ರೀಕರಣವಾದದ್ದು ಪೊಹಾಂಗ್‌ನಲ್ಲಿ, ಪೋಸ್ಕೋ ಉಕ್ಕಿನ ಕಾರ್ಖಾನೆಯಿಂದ ಹೆಸರಾದ ಕಡಲತೀರದ ನಗರ ಅದು. ಕ್ಯಾಮೆರಾ ಚಿಮಣಿಗಳ ಕಡೆಗೆ ಬೆನ್ನು ಹಾಕಿ ಚಂಗ್‌ಹಾದ ಸಂತೆ, ಗುಡ್ಡದ ಮೇಲಿನ ದೋಣಿ, ಮೀನುಗಾರರ ಓಣಿಗಳ ಕಡೆ ನೋಡಿತು. ಧಾರಾವಾಹಿ ಪ್ರಸಾರವಾಗುತ್ತಿದ್ದಂತೆ ಜನ ಅಲ್ಲಿಗೆ ಮುಗಿಬಿದ್ದರು. ಹೇ-ಜಿನ್, ದು-ಶಿಕ್, ಗಮ್‌ರಿ ಅಜ್ಜಿಯರದೆಂದು ತೋರಿಸಿದ ಮನೆಗಳಲ್ಲಿ ನಿಜವಾದ ಸಂಸಾರಗಳಿವೆ, ದಯವಿಟ್ಟು ಅಲ್ಲಿಗೆ ಹೋಗಬೇಡಿ ಎಂದು ನಿರ್ಮಾಪಕರೇ ಕೇಳಿಕೊಳ್ಳಬೇಕಾಯಿತು. ನೀವು ಎಂದಾದರೂ ಪೊಹಾಂಗ್‌ಗೆ ಹೋದರೆ ಸಂತೆಯಲ್ಲಿ ಓಡಾಡಿ, ದೋಣಿಯವರೆಗೆ ಗುಡ್ಡ ಹತ್ತಿ, ಅಲ್ಲಿಯವರ ಅಂಗಡಿಯಲ್ಲಿ ಊಟ ಮಾಡಿ ದುಡ್ಡು ಕೊಟ್ಟು ಬನ್ನಿ. ಆ ಮನೆಗಳ ಗೇಟು ಮಾತ್ರ ತೆರೆಯಬೇಡಿ.