ಮಾಗಿಯ ಮಣ್ಣುದಾರಿ

ಮಾಗಿಯ ಬೆಳಗಿನಲ್ಲಿ ಕಂಬಳಿಯನ್ನು ಕಿವಿಯವರೆಗೆ ಎಳೆದುಕೊಂಡು ಮಲಗುವುದೇ ವಿವೇಕವೆಂದು ನಾವು ಬಹುಕಾಲ ನಂಬಿದ್ದೆವು. ನಮ್ಮ ಕೃಷ್ಣಮೂರ್ತಿಪುರದಲ್ಲಿ ಧನುರ್ಮಾಸ ಬಂದಿತೆಂದರೆ ಸೂರ್ಯೋದಯಕ್ಕೆ ಮುಂಚೆಯೇ ಬೀದಿ ಎಚ್ಚರಗೊಳ್ಳುತ್ತದೆ. ಬಾಗಿಲಿಗೆ ನೀರು ಹಾಕುವ ಸದ್ದು, ದೇವಸ್ಥಾನದ ಗಂಟೆ, ತುಪ್ಪದಲ್ಲಿ ಮೆಣಸು ಜೀರಿಗೆ ಸಿಡಿದ ಹುಗ್ಗಿಯ ಪರಿಮಳ, ಇವೆಲ್ಲವೂ ಬಂದು ಕರೆದರೂ ನಾವು ಏಳುತ್ತಿದ್ದುದು ಹುಗ್ಗಿಯೇ ಮನೆಗೆ ಬಂದ ಮೇಲೆ. ಹೀಗಿದ್ದ ನಮ್ಮನ್ನು ಐವತ್ತು ದಾಟಿದ ವಯಸ್ಸಿನಲ್ಲಿ ಸೈಕಲ್ಲಿನ ಮೇಲೆ ಕೂರಿಸಿದವನು ನಮ್ಮ ಸೋದರಳಿಯ. ಉದ್ಯೋಗದ ನಿಮಿತ್ತ ಪರದೇಶಕ್ಕೆ ಹೊರಟ ಆತನು ತನ್ನ ಮೌಂಟನ್ ಬೈಕನ್ನು ನಮ್ಮ ಮನೆಯಲ್ಲಿರಿಸಿ, “ಮಾವ, ಸುಮ್ಮನೆ ನಿಲ್ಲಿಸಿದರೆ ಕೆಡುತ್ತದೆ, ಆಗಾಗ ಓಡಿಸುತ್ತಿರಿ” ಎಂದು ಹೇಳಿ ಹೋದನು. ಕೆಡುವುದು ಸೈಕಲ್ಲೋ ನಾವೋ ಎಂಬುದನ್ನು ಅವನು ಸ್ಪಷ್ಟಪಡಿಸಲಿಲ್ಲ.

ಈ ಸೈಕಲ್ಲಿನ ವಂಶಾವಳಿ ವಿಚಿತ್ರವಾದುದು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯದ ಟಮಾಲ್‌ಪೈಸ್ ಎಂಬ ಬೆಟ್ಟದ ಬಳಿಯ ಕೆಲವು ತರುಣರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಹುಡುಕಿ ತಂದು, ಮಣ್ಣಿನ ರಸ್ತೆಗಳಲ್ಲಿ ಮೇಲಿನಿಂದ ಕೆಳಕ್ಕೆ ಬಿಡುವ ಹುಚ್ಚು ಹಚ್ಚಿಕೊಂಡರಂತೆ. ಆ ಹುಚ್ಚೇ ಬೆಳೆದು 1996ರಲ್ಲಿ ಅಟ್ಲಾಂಟದ ಒಲಿಂಪಿಕ್ ಪಂದ್ಯಗಳವರೆಗೂ ಹೋಯಿತು. ನಮ್ಮ ಪಾಲಿಗೆ ಬಂದ ಈ ಪ್ರಾಣಿಗೆ ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಸ್ಟ್ಯಾಂಡ್ ಇಲ್ಲ, ಬೆಲ್ಲೂ ಇಲ್ಲ. ದೀಪವಿಲ್ಲದ ಸೈಕಲ್ಲನ್ನು ಕಂಡರೆ ಪೊಲೀಸಿನವನು ಚಕ್ರದ ಗಾಳಿ ಬಿಡುತ್ತಿದ್ದ ಕಾಲದಲ್ಲಿ ಬೆಳೆದ ನಮಗೆ ಇದು ಉಡುಪಿಲ್ಲದೆ ಬೀದಿಗಿಳಿದಂತೆ ತೋರಿತು.

ಬೆಟ್ಟವಂತೂ ನಮಗೆ ದೂರವಲ್ಲ. ನಂಜುಮಳಿಗೆಯನ್ನು ಬಿಟ್ಟು, ನಂಜನಗೂಡಿನ ರಸ್ತೆಯನ್ನು ಅಡ್ಡ ಹಾಯ್ದರೆ ಚಾಮುಂಡಿ ಎದುರಿಗೇ ನಿಂತಿರುತ್ತಾಳೆ. ಆದರೆ ಬೆಟ್ಟದ ಮೇಲಿನದು ಕಾಯ್ದಿಟ್ಟ ಅರಣ್ಯ, ಚಿರತೆಗಳಿರುವ ಸ್ಥಳ, ಅದರೊಳಗಿನ ಕಾಲುದಾರಿಗಳಿಗೆ ಚಕ್ರ ಹೊಗಿಸುವ ಅಧಿಕಾರ ನಮಗಿಲ್ಲ. ದೊಡ್ಡ ದೇವರಾಜ ಒಡೆಯರ ಕಾಲದ ಸಾವಿರ ಮೆಟ್ಟಿಲುಗಳ ಮೇಲೆ ಸೈಕಲ್ ಇಳಿಸಬಹುದೆಂದು ಸೋದರಳಿಯನು ಒಮ್ಮೆ ಹೇಳಿದ್ದುಂಟು. ಹರಕೆ ಹೊತ್ತವರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಏರುವ ದಾರಿಯದು. ನಮ್ಮ ಮನೆಯವರು ಅವನನ್ನು ಒಮ್ಮೆ ದುರುಗುಟ್ಟಿ ನೋಡಿದರು, ಮಾತು ಅಲ್ಲಿಗೇ ಮುಗಿಯಿತು. ಆದುದರಿಂದ ನಾವು ಆರಿಸಿಕೊಂಡುದು ಪಾದದ ಹೊರಗೆ, ಹೊಲ ಮತ್ತು ಹೊಸ ಬಡಾವಣೆಗಳ ನಡುವೆ ಇನ್ನೂ ಉಳಿದಿರುವ ಮಣ್ಣಿನ ದಾರಿಗಳನ್ನು.

ಹಿಮ ಬೀಳದ ನಾಡಿನಲ್ಲಿ ಚಳಿಗಾಲದ ದಾರಿಗೇನು ಕಷ್ಟವೆಂದು ವಾಚಕರು ಕೇಳಬಹುದು. ನಾವೂ ಹಾಗೆಯೇ ತಿಳಿದಿದ್ದೆವು. ಹಿಂಗಾರಿನ ಮಳೆ ಅಕ್ಟೋಬರಿನಿಂದ ಆರಂಭವಾಗಿ, ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತವೆದ್ದರೆ ಡಿಸೆಂಬರಿನಲ್ಲಿಯೂ ಎರಡು ದಿನ ಜಿನುಗಿ ಹೋಗುತ್ತದೆ. ಆಗ ಕೆಮ್ಮಣ್ಣು ಮೇಲೆ ಒಣಗಿದಂತೆ ತೋರಿ ಒಳಗೆ ಹಸಿಯಾಗಿರುತ್ತದೆ. ಅದರ ಮೇಲೆ ರಾತ್ರಿಯ ಇಬ್ಬನಿ ಬಿದ್ದರೆ ಮಣ್ಣಿನ ಮೇಲ್ಪದರ ಸಾರಣೆ ಮಾಡಿದ ನೆಲದಂತೆ ನುಣುಪಾಗುತ್ತದೆ. ಕಲ್ಲು ಕೊರಕಲುಗಳನ್ನು ಉದುರಿದ ಎಲೆ ಮುಚ್ಚಿರುತ್ತದೆ. ಇಬ್ಬದಿಯ ಲಂಟಾನದ ಪೊದೆಯಿಂದ ತಿರುವಿನಾಚೆ ಏನಿದೆಯೆಂಬುದು ಕಾಣದು, ಮಂಜು ಕವಿದ ದಿನ ತಿರುವೇ ಕಾಣದು. ಇವೆಲ್ಲ ಮುಗಿದು ಫೆಬ್ರವರಿ ಬಂದಿತೆಂದರೆ ಬೇರೊಂದು ಬಗೆಯ ಉಪದ್ರವ: ಸಣ್ಣ ಕಲ್ಲುಪುಡಿ ಸಡಿಲವಾಗಿ, ನೆಲದ ಮೇಲೆ ಚೆಲ್ಲಿದ ರಾಗಿಯ ಕಾಳಿನ ಮೇಲೆ ಕಾಲಿಟ್ಟಂತೆ ಚಕ್ರ ಜಾರುತ್ತದೆ.

ಒಂದು ಡಿಸೆಂಬರಿನ ಬೆಳಿಗ್ಗೆ ಆರೂವರೆಯ ಸುಮಾರಿಗೆ ಇಂತಹ ಒಂದು ಇಳಿಜಾರಿನಲ್ಲಿ ನಾವು ಬರುತ್ತಿದ್ದೆವು. ವೇಗ ಹೆಚ್ಚಾಗಿರಲಿಲ್ಲವೆಂದು ಅಂದು ಹೇಳಿಕೊಂಡೆವು. ಈಗ ನೆನೆದರೆ ಹೆಚ್ಚಾಗಿಯೇ ಇತ್ತು. ತಿರುವು ದಾಟಿದೊಡನೆ ಮಂಜಿನಲ್ಲಿ ಒಬ್ಬ ವೃದ್ಧೆಯ ಬೆನ್ನು ಕಾಣಿಸಿತು. ಕೈಯಲ್ಲಿ ಹಾಲಿನ ಕ್ಯಾನು, ತಲೆಯ ಮೇಲೆ ಸೆರಗು. ನಾವು “ಅಮ್ಮಾ!” ಎಂದು ಕೂಗಿದೆವು. ಬೆನ್ನ ಹಿಂದೆ ಇದ್ದಕ್ಕಿದ್ದಂತೆ ಕೂಗು ಕೇಳಿದವರು ಏನು ಮಾಡಿಯಾರು? ಆಕೆ ಬೆಚ್ಚಿ ಬಲಕ್ಕೆ ಸರಿದಳು. ನಾವೂ ಬಲಕ್ಕೇ ತಿರುಗಿಸಿದ್ದೆವು. ಮುಂದಿನ ಬ್ರೇಕನ್ನು ಬಲವಾಗಿ ಹಿಡಿದ ಕೂಡಲೇ ಹಸಿ ಎಲೆಯ ಮೇಲೆ ಚಕ್ರ ಜಾರಿತು. ದೇವಿಯ ದಯೆಯಿಂದ ಆಕೆಯನ್ನು ತಗುಲಲಿಲ್ಲ. ನಾವು ಪೊದೆಯಲ್ಲಿದ್ದೆವು, ಕ್ಯಾನು ದಾರಿಯಲ್ಲಿತ್ತು, ಹಾಲು ಕೆಮ್ಮಣ್ಣಿನಲ್ಲಿ ಹರಿಯುತ್ತಿತ್ತು.

ಆಕೆ ಮೊದಲು ನಮ್ಮ ಮೊಣಕಾಲನ್ನು ನೋಡಿ, ಎಲುಬು ಮುರಿದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, “ಯಾಕಪ್ಪಾ, ನಿನ್ನ ಗಾಡಿಗೆ ಗಂಟೆ ಇಲ್ವಾ? ಎತ್ತಿಗೂ ಗಂಟೆ ಕಟ್ತೀವಲ್ಲಪ್ಪಾ!” ಎಂದಳು. ಬೆಟ್ಟದ ಮೇಲಿನ ನಂದಿಯ ಕೊರಳಲ್ಲಿಯೂ ಕಲ್ಲಿನ ಗಂಟೆಗಳಿವೆ. ಉತ್ತರಕ್ಕೆ ಬದಲಾಗಿ ನಾವು ಇನ್ನೂರು ರೂಪಾಯಿಯ ನೋಟನ್ನು ಮುಂದೆ ಹಿಡಿದೆವು. ಆಕೆ ಸೆರಗಿನ ಗಂಟು ಬಿಚ್ಚಿ, ಚೆಲ್ಲಿದ ಹಾಲಿಗೆ ಮಾತ್ರ ಲೆಕ್ಕ ಹಾಕಿ, ಉಳಿದ ಹಣವನ್ನು ನಮ್ಮ ಕೈಗಿಟ್ಟಳು. “ದುಡ್ಡು ಸರಿ ಹೋಯ್ತು. ಕೊನೇ ಮನೇಲಿ ಬಾಣಂತಿ ಅವಳೆ, ಅವಳಿಗೇನು ಹೇಳ್ಲಿ?” ಈ ಪ್ರಶ್ನೆಗೂ ನಮ್ಮಲ್ಲಿ ಉತ್ತರವಿರಲಿಲ್ಲ. ಸೈಕಲ್ಲನ್ನು ತಳ್ಳಿಕೊಂಡು ಆಕೆಯ ಹಿಂದೆ ಕುಂಟುತ್ತ ಹೋಗಿ, ಅಂಗಡಿಯಲ್ಲಿ ನಂದಿನಿಯ ಪ್ಯಾಕೆಟ್ಟು ಕೊಂಡು, ಆ ಮನೆಯ ಬಾಗಿಲಲ್ಲಿ ನಿಂತು ನಾವೇ ತಪ್ಪೊಪ್ಪಿಕೊಂಡೆವು. ಹಾಲನ್ನು ತೆಗೆದುಕೊಂಡ ಹಿರಿಯರು ನಮ್ಮ ಪಂಚಾಂಗವೆಲ್ಲ ಮೆತ್ತಿದ್ದ ಕೆಸರನ್ನು ನೋಡಿ ಏನೂ ಹೇಳಲಿಲ್ಲ. ಬೈದಿದ್ದರೆ ಲೇಸಾಗಿತ್ತು.

ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಕುಳಿತ ಆ ವಾರ, ಈ ಕ್ರೀಡೆ ಹುಟ್ಟಿದ ಸ್ಥಳದಲ್ಲಿ ಜನರು ಹೇಗೆ ನಡೆದುಕೊಳ್ಳುತ್ತಾರೆಂಬುದನ್ನು ಓದಿದೆವು. ಅಲ್ಲಿಯೂ ನಡೆಯುವವರು, ಕುದುರೆ ಸವಾರರು, ಸೈಕಲ್ಲಿನವರು ಇವರ ನಡುವೆ ದಶಕಗಳ ಜಗಳವೇ ನಡೆದಿದೆ. ಟಮಾಲ್‌ಪೈಸಿನ ಸುತ್ತಿನ ನೀರು ಸರಬರಾಜು ಪ್ರದೇಶದ ಮಣ್ಣಿನ ರಸ್ತೆಗಳಲ್ಲಿ ಸೈಕಲ್ಲಿಗೆ ಗಂಟೆಗೆ 15 ಮೈಲಿಯ ಮಿತಿ. ಕಾಣದ ತಿರುವಿನಲ್ಲಿಯೂ ಇತರರನ್ನು ದಾಟುವಾಗಲೂ ಕೇವಲ 5 ಮೈಲಿ. ಸೈಕಲ್ಲಿನವನು ಪಾದಚಾರಿಗೂ ಕುದುರೆಗೂ ದಾರಿ ಬಿಡಬೇಕು; ಇಳಿಯುವವನು ಏರುವವನಿಗೆ ಬಿಡಬೇಕು. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುವ ನಾಡುಗಳಲ್ಲಿ ಇನ್ನೊಂದು ಜಾಗ್ರತೆಯುಂಟು. ಬೆಳಿಗ್ಗೆ ಕಲ್ಲಿನಂತಿರುವ ಮಣ್ಣು ಬಿಸಿಲೇರಿದೊಡನೆ ಕರಗಿ ಕೆಸರಾಗುವುದರಿಂದ, ಚಕ್ರದ ಗುರುತು ಆಳವಾಗಿ ಬೀಳತೊಡಗಿದರೆ ಸವಾರನು ಅಲ್ಲಿಂದಲೇ ಹಿಂದಿರುಗಬೇಕು.

ಈ ಕಡೆಯ ಮಾತು ನಮಗೆ ಬಹಳ ಹಿಡಿಸಿತು. ನಮ್ಮ ಮೈಸೂರಿಗೆ ಅದನ್ನು ತಿರುಗಿಸಿ ಹಾಕಿಕೊಳ್ಳಬೇಕು, ಅಷ್ಟೆ. ಅಲ್ಲಿ ಮುಂಜಾನೆ ಲೇಸು, ಇಲ್ಲಿ ಬಿಸಿಲೇರಿದ ಮೇಲೆ ಲೇಸು. ಹಸಿ ಮಣ್ಣಿನಲ್ಲಿ ಚಕ್ರ ಕೊರೆದ ಗೀರು ಮುಂದಿನ ಮಳೆಗೆ ಕಾಲುವೆಯಾಗುತ್ತದೆ, ಕಾಲುವೆ ಕೊರಕಲಾಗುತ್ತದೆ. ನೀರಿನ ಬಲವನ್ನು ಈ ಊರಿನವರಿಗೆ ಹೇಳಬೇಕಾಗಿಲ್ಲ: 2021ರ ಅಕ್ಟೋಬರಿನ ಮಳೆಯಲ್ಲಿ ನಂದಿಯ ಬಳಿಗೆ ಹೋಗುವ ಡಾಂಬರು ರಸ್ತೆಯೇ ಕುಸಿದುಹೋಯಿತು. ಇನ್ನು ದಾರಿಯ ನಡುವೆ ನೀರು ನಿಂತಿದ್ದರೆ ಬದಿಗೆ ಸರಿದು ಹೋಗುವುದು ನಮ್ಮೆಲ್ಲರ ಸ್ವಭಾವ. ಹತ್ತು ಜನ ಹಾಗೆ ಸರಿದರೆ ಅಂಚಿನ ಹುಲ್ಲು ತುಳಿದುಹೋಗಿ ಒಂದು ಗಜದ ದಾರಿ ಮೂರು ಗಜವಾಗುತ್ತದೆ. ನೀರಿನ ಮಧ್ಯದಲ್ಲಿಯೇ ಮೆಲ್ಲಗೆ ಹಾಯುವುದು ದಾರಿಗೆ ಹಿತ, ಪಂಚೆ ಒಗೆಯುವವರಿಗೆ ಅಹಿತ. ನಮ್ಮ ಮನೆಯಲ್ಲಿ ಈ ವಿಚಾರ ಇನ್ನೂ ಇತ್ಯರ್ಥವಾಗಿಲ್ಲ.

ಮೊಣಕಾಲು ಮಾಗಿದ ಮೇಲೆ ಒಂದು ಹಿತ್ತಾಳೆಯ ಬೆಲ್ಲನ್ನು ಕೊಂಡು ಕಟ್ಟಿಸಿದೆವು. ಅಂತಹ ಸೈಕಲ್ಲಿಗೆ ಇಂತಹ ಬೆಲ್ಲೇ ಎಂದು ಅಂಗಡಿಯ ಹುಡುಗ ನಕ್ಕನು. ಭಾವಚಿತ್ರವನ್ನು ನೋಡಿದ ಸೋದರಳಿಯನೂ ನಕ್ಕನಂತೆ. ಹೊರಡುವ ಸಮಯವನ್ನು ಎಂಟು ಗಂಟೆಗೆ ಹಾಕಿದೆವು. ಟೈರಿನ ಗಾಳಿಯನ್ನು ಸ್ವಲ್ಪ ತಗ್ಗಿಸಿದೆವು. ತಿರುವು ಬಂದರೆ ಇಳಿದು ತಳ್ಳುವುದಕ್ಕೂ ನಾಚಲಿಲ್ಲ.

ಸಂಕ್ರಾಂತಿಗೆ ಎರಡು ದಿನ ಮುಂಚೆ ಅದೇ ದಾರಿಯಲ್ಲಿ ಅದೇ ಬೆನ್ನು ಕಾಣಿಸಿತು. ಈ ಬಾರಿ ತಲೆಯ ಮೇಲೆ ಹಸಿ ಹುಲ್ಲಿನ ಹೊರೆ. ಇಪ್ಪತ್ತು ಗಜ ದೂರದಿಂದಲೇ ಹೆಮ್ಮೆಯಿಂದ ಬೆಲ್ಲನ್ನು ಬಾರಿಸಿದೆವು. ಆಕೆ ತಿರುಗಿ ನೋಡದೆ, “ಕೇಳಿಸ್ತು ಕಣಪ್ಪಾ” ಎಂದು ಹೇಳಿ, ದಾರಿಯ ನಡುವೆಯೇ ತನ್ನ ನಡೆಯಲ್ಲಿಯೇ ಮುಂದುವರಿದಳು. ಹೊರೆ ಹೊತ್ತವರು ಬದಿಗೆ ಸರಿಯಲು ಅಲ್ಲಿ ಸ್ಥಳವೂ ಇರಲಿಲ್ಲ. ನಾವು ಇಳಿದು, ದಾರಿ ಅಗಲವಾಗುವ ಹುಣಸೆಮರದವರೆಗೂ ಸೈಕಲ್ಲನ್ನು ತಳ್ಳಿಕೊಂಡು ಹಿಂದೆ ಹಿಂದೆ ನಡೆದೆವು. ಬಾಣಂತಿ ಹೇಗಿದ್ದಾಳೆಂದು ಕೇಳಿದೆವು, ಮಗುವಿಗೆ ಹೆಸರಿಟ್ಟರೆಂದಳು.