ಗಡಿಗೆಯೊಳಗಿನ ಹೊಲ

ಭಜ್ಜಿಯೆಂದೊಡನೆ ಬೆಂಗಳೂರು, ಮೈಸೂರುಗಳವರಿಗೆ ಎಣ್ಣೆಯ ಬಾಣಲೆ ನೆನಪಾಗುವುದು ಸಹಜ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಕಡಲೆಹಿಟ್ಟಿನ ಅಂಗಿ ತೊಟ್ಟು ಎಣ್ಣೆಗಿಳಿಯುವ ಬಾಳೆಕಾಯಿಯ ಬಿಲ್ಲೆಗಳು. ಆ ಹೆಸರಿನಿಂದ ಇದಕ್ಕಿಂತ ಹೆಚ್ಚಿನ ಸುಖವನ್ನು ಅವರು ನಿರೀಕ್ಷಿಸುವುದಿಲ್ಲ. ಆದರೆ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಅತನೂರದ ಕಡೆಗೆ ಹೋಗಿ, ಎಳ್ಳಮಾವಾಸ್ಯೆಯ ಹಿಂದಿನ ದಿನ ಇದೇ ಮಾತನ್ನಾಡಿದರೆ, ಅಲ್ಲಿಯ ಗೃಹಿಣಿ ಬಾಣಲೆಯತ್ತ ಕಣ್ಣೆತ್ತಿಯೂ ನೋಡಲಾರಳು. ಮನೆಯಲ್ಲಿರುವ ಅತ್ಯಂತ ದೊಡ್ಡ ಗಡಿಗೆಯನ್ನು ಕೆಳಗಿಳಿಸುವಳು. ಅಲ್ಲಿ ಭಜ್ಜಿಯೆಂದರೆ ಹಸಿಕಾಳು, ಕಾಯಿಪಲ್ಯ, ಸೊಪ್ಪುಗಳೆಲ್ಲ ಒಂದೇ ಪಾತ್ರೆಯಲ್ಲಿ ಬೆಂದು ಒಂದಾದ ಮಂದವಾದ ಸಾರು.

ಇಂಥ ಗಡಿಗೆ ಭೂಮಂಡಲದಲ್ಲಿ ಈ ಸೀಮೆಗೊಂದಕ್ಕೇ ಮೀಸಲಾದುದಲ್ಲ. ದಕ್ಷಿಣ ಅಮೆರಿಕದ ಚಿಲಿ ದೇಶದ ಮನೆಗಳಲ್ಲಿ ‘ಕಸ್ವೇಲಾ’ ಎಂಬ ಸಾರೊಂದುಂಟು. ದನದ ಮಾಂಸದ ದೊಡ್ಡ ತುಂಡುಗಳೊಡನೆ ಆಲೂಗಡ್ಡೆ, ಕುಂಬಳದ ಹೋಳು, ಮೆಕ್ಕೆಜೋಳದ ತೆನೆಯ ತುಂಡುಗಳು ಅದರಲ್ಲಿ ಸಾವಕಾಶವಾಗಿ ಬೇಯುತ್ತವೆ. ಬಡಿಸುವಾಗ ಮನೆಯ ಪ್ರತಿಯೊಬ್ಬರ ಬಟ್ಟಲಿಗೂ ಪ್ರತಿಯೊಂದರ ಪಾಲು ಬೀಳಬೇಕು. ಅರ್ಜೆಂಟೀನಾದವರು ತಮ್ಮದನ್ನು ‘ಪುಚೇರೊ’ ಎನ್ನುತ್ತಾರೆ. ಕೊಲಂಬಿಯಾ, ವೆನೆಜುವೆಲಾಗಳ ‘ಸಾಂಕೋಚೊ’ದಲ್ಲಿ ಮರಗೆಣಸು, ಬಾಳೆಕಾಯಿಗಳೂ ಸೇರುತ್ತವೆ. ಕಸ್ವೇಲಾ, ಪುಚೇರೊ ಎಂಬೆರಡೂ ಸ್ಪ್ಯಾನಿಷ್ ಭಾಷೆಯಲ್ಲಿ ಮೂಲತಃ ಪಾತ್ರೆಯ ಹೆಸರುಗಳೆಂಬುದು ಸ್ವಾರಸ್ಯದ ಸಂಗತಿ. ಒಳಗೆ ಬೇಯುವುದು ಋತುವಿನಿಂದ ಋತುವಿಗೆ, ಮನೆಯಿಂದ ಮನೆಗೆ ಬದಲಾಗುವಾಗ, ಬದಲಾಗದ ಪಾತ್ರೆಯ ಹೆಸರಿನಿಂದಲೇ ಅಡುಗೆಯನ್ನು ಕರೆಯುವುದು ಎಷ್ಟು ಉಚಿತ! ಅಲ್ಲಿ ಮಾಂಸವು ಕೊಡುವ ಕಸುವನ್ನು ಎಳ್ಳಮಾವಾಸ್ಯೆಯ ಗಡಿಗೆಯಲ್ಲಿ ತೊಗರಿ, ಕಡಲೆ, ಅವರೆಗಳು ಕೊಡುತ್ತವೆ.

ಎಳ್ಳಮಾವಾಸ್ಯೆ ಬರುವುದು ಮಾರ್ಗಶಿರದ ಕೊನೆಯಲ್ಲಿ, ಎಂದರೆ ಡಿಸೆಂಬರ್–ಜನವರಿಯ ಚಳಿಯಲ್ಲಿ. ಕರಿಮಣ್ಣಿನ ಎರೆಹೊಲಗಳಲ್ಲಿ ಆಗ ಹಿಂಗಾರಿಯ ಬಿಳಿಜೋಳ ಎದೆಯೆತ್ತರಕ್ಕೆ ಬೆಳೆದು ನಿಂತಿರುತ್ತದೆ. ಕಡಲೆ ಕಾಯಿ ಕಟ್ಟುತ್ತಿರುತ್ತದೆ. ತೊಗರಿಯ ಕಾಯಿ ಬಲಿತಿರುತ್ತದೆ. ರೈತನ ಕಣ್ಣಿಗೆ ಭೂಮಿ ತುಂಬು ಬಸುರಿ. ಬಸುರಿಗೆ ಬಯಕೆ ತೀರಿಸಬೇಡವೇ? ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಜೋಳದ ದಂಟಿನ ಪುಟ್ಟ ಗುಡಿಸಿಲಿನಲ್ಲಿ ಐದು ಕಲ್ಲುಗಳನ್ನಿಟ್ಟು, ಪಾಂಡವರೆಂದು ಭಾವಿಸಿ ಪೂಜಿಸುತ್ತಾರೆ. ನೈವೇದ್ಯದ ಅನ್ನವನ್ನು ಬೆಳೆಯ ಸುತ್ತ ಚೆಲ್ಲಿ ಭೂತಾಯಿಗೆ ಉಣಿಸುತ್ತಾರೆ. ಇದಕ್ಕೆ ಚರಗ ಚೆಲ್ಲುವುದೆಂದು ಹೆಸರು. ಅನಂತರವೇ ಸಜ್ಜೆಯ ರೊಟ್ಟಿ, ಜೋಳದ ರೊಟ್ಟಿ, ಶೇಂಗಾದ ಹೋಳಿಗೆ, ಅಂಬಲಿ, ಭಜ್ಜಿಗಳ ಊಟ. ದಾರಿಯಲ್ಲಿ ಹೋಗುವವನು ಪರಿಚಿತನೇ ಆಗಿರಬೇಕೆಂದಿಲ್ಲ. ಕೂಗಿ ಕರೆದು ಪಂಕ್ತಿಯಲ್ಲಿ ಕೂಡಿಸುತ್ತಾರೆ. ಗಡಿಯಾಚೆಗೆ ಮಹಾರಾಷ್ಟ್ರದ ಲಾತೂರು, ಧಾರಾಶಿವ (ಹಿಂದಿನ ಉಸ್ಮಾನಾಬಾದ್) ಸೀಮೆಯಲ್ಲಿಯೂ ಇದೇ ಹಬ್ಬ ಇದೇ ಭಜ್ಜಿಯೊಡನೆ ನಡೆಯುತ್ತದೆ. ಗಡಿಗೆಗೆ ರಾಜ್ಯದ ಗಡಿ ತಿಳಿಯದು.

ಆದರೆ ಹೊಲವನ್ನು ಬಿಟ್ಟು ಬಂದವರ ಗಡಿಗೆಯ ಗತಿಯೇನು? ಅತನೂರದ ಸೀಮೆಯಿಂದ ಕಲಬುರಗಿ ನಗರಕ್ಕೆ ಬಂದು ನೆಲೆಸಿದ ಕುಟುಂಬಗಳು ಅನೇಕ. ಅಂಥದೊಂದು ಮನೆಯ ಹಿರಿಯಾಕೆಗೆ ಎಪ್ಪತ್ತು ದಾಟಿದೆ. ಮಗ ನೌಕರಿಯವನು, ಸೊಸೆ ಹಾಸನದ ಕಡೆಯವಳು. ಊರಿನ ಹೊಲವನ್ನು ಲಾವಣಿಗೆ ಕೊಟ್ಟು ಕೆಲವು ವರ್ಷಗಳಾದವು. ಅದರಲ್ಲಿ ಈಗ ಕಬ್ಬು ನಿಂತಿದೆ. ಹಬ್ಬದ ಮುನ್ನಾದಿನ ಸೊಸೆ ಕಾಗದ, ಲೇಖನಿ ಹಿಡಿದು ಅತ್ತೆಯ ಮುಂದೆ ಕುಳಿತಳು.

“ಅತ್ತೆ, ಯಾವುದು ಎಷ್ಟೆಂದು ಹೇಳಿ, ಬರೆದುಕೊಳ್ಳುತ್ತೇನೆ.”

“ಅಳತಿ ಅಂದ್ರ ಏನವ್ವಾ? ಹೊಲದಾಗ ಏನು ಸಿಗತದೋ ಅದು. ಉಡಿಯಾಗ ಎಷ್ಟು ಹಿಡಸ್ತದೋ ಅಷ್ಟು.”

ಉಡಿಯ ಅಳತೆಯನ್ನು ಕಾಗದದ ಮೇಲೆ ಬರೆಯುವುದು ಹೇಗೆ? ಇಬ್ಬರೂ ಸಂತೆಗೆ ಹೋದರು. ತೊಗರಿಯ ಹಸಿಕಾಯಿ, ಕಡಲೆಯ ಸುಲಗಾಯಿ, ಅವರೆ, ಬಟಾಣಿ, ಮೆಂತ್ಯೆ, ಪಾಲಕ್, ಉಳ್ಳಾಗಡ್ಡಿಯ ತಪ್ಪಲು, ಬದನೆ, ಗಜ್ಜರಿ, ಎಲ್ಲವೂ ದೊರೆತವು. ಮನೆಗೆ ಬಂದು ಕಾಯಿ ಸುಲಿಯುತ್ತ ಕುಳಿತ ಹಿರಿಯಾಕೆ ಒಂದು ತೊಗರಿಕಾಯಿಯನ್ನು ಮೂಗಿಗೆ ಹಿಡಿದು ಮೂಸಿದಳು. “ಎಲ್ಲಾ ಅದಾವ,” ಎಂದಳು. “ಖರೆ, ಯಾರ ಹೊಲದಾವೋ ಗೊತ್ತಿಲ್ಲ.” ಸೊಸೆ ಇದಕ್ಕೆ ಉತ್ತರ ಕೊಡಲಿಲ್ಲ. ಅತ್ತೆಯ ಹಿಡಿಯಿಂದ ಪಾತ್ರೆಗೆ ಬೀಳುವ ಕಾಳನ್ನು ಗುಟ್ಟಾಗಿ ಬಟ್ಟಲಿನಿಂದ ಅಳೆಯತೊಡಗಿದಳು.

ಹಾಗೆ ಅಳೆದುದರಿಂದ ಒಂದು ಲೆಕ್ಕ ದೊರೆಯಿತು. ಆರು ಮಂದಿಗೆ ಹಸಿತೊಗರಿ, ಅವರೆ ಒಂದೊಂದು ಬಟ್ಟಲು, ಹಸಿಕಡಲೆ, ಬಟಾಣಿ ಅರ್ಧರ್ಧ, ನೆನೆಸಿದ ಶೇಂಗಾ ಒಂದು ಹಿಡಿ, ಎಳೆಯ ಬದನೆ 4, ಗಜ್ಜರಿ 2, ಬಗೆಬಗೆಯ ಸೊಪ್ಪು ಹೆಚ್ಚಿದ ಮೇಲೆ 4 ಹಿಡಿ, ನಿಂಬೆಯಷ್ಟು ಹುಣಸೆ, ಕಡಲೆಹಿಟ್ಟು 3 ಚಮಚ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಶುಂಠಿ, ಜೀರಿಗೆಗಳನ್ನು ಕುಟ್ಟಿದ ಖಾರ ಮನೆಯವರ ಧೈರ್ಯಕ್ಕೆ ತಕ್ಕಷ್ಟು. ಮೊದಲು ಕಾಳು ಅರಿಸಿನದ ನೀರಿನಲ್ಲಿ ಬೇಯಬೇಕು. ಮೆತ್ತಗಾಗುತ್ತ ಬಂದಾಗ ಗಜ್ಜರಿ, ಆಮೇಲೆ ಬದನೆ, ಎಲ್ಲಕ್ಕೂ ಕೊನೆಗೆ ಸೊಪ್ಪು. ಹುಣಸೆಯ ರಸವನ್ನು ಕಾಳು ಪೂರ್ಣ ಬೆಂದ ಮೇಲೆಯೇ ಹಾಕಬೇಕೆಂದು ಹಿರಿಯರು ಹೇಳುವುದು ಬರಿಯ ಮಡಿವಂತಿಕೆಯಲ್ಲ. ಹುಳಿ ಮೊದಲೇ ಸೇರಿದರೆ ಕಾಳು ಬೇಗ ಮೆತ್ತಗಾಗದು. ಕಡಲೆಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಒಂದು ಕೈಯಿಂದ ಸುರಿಯುತ್ತ ಮತ್ತೊಂದು ಕೈಯಿಂದ ತಿರುವಬೇಕು. ಸಣ್ಣ ಉರಿಯಲ್ಲಿ ಹಿಟ್ಟಿನ ಹಸಿವಾಸನೆ ಹೋಗುವವರೆಗೆ ಕುದಿಸಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟು ಮುಚ್ಚಿಟ್ಟರೆ ಆಯಿತು. ಒಲೆಯಿಂದ ಇಳಿದೊಡನೆ ಉಣ್ಣುವುದಕ್ಕಿಂತ, ಹೊಲದ ದಾರಿಯಷ್ಟು ಹೊತ್ತು ತಡೆದು ಉಂಡರೆ ರುಚಿ ಹೆಚ್ಚು. ನಗರದ ಕುಕ್ಕರಿನಲ್ಲಿಯೂ ಇದು ಆಗುವುದಿಲ್ಲವೆಂದಲ್ಲ. ಆದರೆ ಸೊಪ್ಪನ್ನಾದರೂ ಕುಕ್ಕರಿನ ಸೀಟಿಯಿಂದ ರಕ್ಷಿಸಬೇಕು.

ಇಷ್ಟೆಲ್ಲ ಸೇರಿದ ಗಡಿಗೆಯನ್ನು ‘ನಮ್ಮ ಹಿಂದಿನ ಕಾಲದ ಅಡುಗೆ’ ಎಂದು ಹೆಮ್ಮೆಯಿಂದ ಹೇಳುವವರು ಒಮ್ಮೆ ಒಳಗಿನವರ ಕುಲಗೋತ್ರಗಳನ್ನು ವಿಚಾರಿಸಿದರೆ ಅಚ್ಚರಿಪಡಬೇಕಾದೀತು. ತೊಗರಿ ಭಾರತದ್ದೇ ಮಗಳು; ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆಯಿತು. ಆದರೆ ಪಕ್ಕದಲ್ಲಿ ಬಡಿಸುವ ರೊಟ್ಟಿಯ ಜೋಳ, ಸಜ್ಜೆಗಳು ಸಾವಿರಾರು ವರ್ಷಗಳ ಹಿಂದೆ ಆಫ್ರಿಕದಿಂದ ಬಂದವು. ಶೇಂಗಾ ಹುಟ್ಟಿದ್ದು ದಕ್ಷಿಣ ಅಮೆರಿಕದಲ್ಲಿ. ಮೆಣಸಿನಕಾಯಿಯೂ ಅಮೆರಿಕದ್ದೇ, ಪೋರ್ಚುಗೀಸರ ಹಡಗಿನಲ್ಲಿ 16ನೆಯ ಶತಮಾನದಲ್ಲಿ ನಮ್ಮ ದಡ ಮುಟ್ಟಿತು. ಆಚೆಯ ಕಸ್ವೇಲಾದ ಕಥೆಯೂ ಹೀಗೆಯೇ: ಆಲೂಗಡ್ಡೆ, ಮೆಕ್ಕೆಜೋಳ, ಕುಂಬಳಗಳು ಅಮೆರಿಕ ಖಂಡದವು, ದನಗಳನ್ನು ಆ ನೆಲಕ್ಕೆ ತಂದವರು ಸ್ಪೇನಿನವರು. ದೂರದಿಂದ ಬಂದವರನ್ನು ಊಟಕ್ಕೆ ಕರೆಯುವ ಎಳ್ಳಮಾವಾಸ್ಯೆಯ ನಿಯಮವನ್ನು ಗಡಿಗೆ ತಾನೇ ಮೊದಲು ಪಾಲಿಸಿದೆಯಷ್ಟೆ!

ಹೊಸಬರಿಂದ ಭಜ್ಜಿ ಕೆಡಲಿಲ್ಲ. ಅದಕ್ಕೆ ಆತಂಕ ಬಂದಿರುವುದು ಬೇರೊಂದು ದಿಕ್ಕಿನಿಂದ. ಒಂದೇ ಹೊಲದಲ್ಲಿ ತೊಗರಿಯ ನಡುವೆ ಹೆಸರು, ಉದ್ದು, ಸಜ್ಜೆ, ಎಳ್ಳು. ಜೋಳದ ಸಾಲುಗಳ ನಡುವೆ ಕಡಲೆ, ಕುಸುಬೆ. ಬದುವಿನ ಮೇಲೆ ಅವರೆಯ ಬಳ್ಳಿ. ಅಕ್ಕಡಿಯೆಂದು ಕರೆಯುವ ಈ ಬೇಸಾಯ ಮಳೆಯನ್ನು ನಂಬಿದ ರೈತನ ಜಾಣತನವಾಗಿತ್ತು. ಒಂದು ಬೆಳೆ ಕೈಕೊಟ್ಟರೆ ಮತ್ತೊಂದು ಕೈಹಿಡಿಯುತ್ತಿತ್ತು. ಭಜ್ಜಿಯು ಆ ಹೊಲದ ನೇರವಾದ ಮಗು. ಹೊಲದಲ್ಲಿ ಹತ್ತು ಬಗೆಯಿದ್ದುದರಿಂದ ಗಡಿಗೆಯಲ್ಲಿಯೂ ಹತ್ತು ಬಗೆಯಿತ್ತು. ಈಗ ತಾಲ್ಲೂಕಿನಲ್ಲಿ, ಸೊನ್ನದ ಬಳಿ ಭೀಮೆಗೆ ಕಟ್ಟಿದ ಬ್ಯಾರೇಜಿನ ನೀರು ಮುಟ್ಟುವಲ್ಲಿ ಕಬ್ಬು ಏಳುತ್ತದೆ, ಬೇರೆಡೆ ಹತ್ತಿ, ಮತ್ತೆ ಕೆಲವೆಡೆ ಬರಿಯ ತೊಗರಿ. ಇದಕ್ಕಾಗಿ ರೈತನನ್ನು ಆಕ್ಷೇಪಿಸುವುದು ಅನ್ಯಾಯ. ಬರಗಾಲವನ್ನು ಕಂಡವನಿಗೆ ನೀರು ಬಂದಾಗ ಹಣದ ಬೆಳೆಯನ್ನು ಬೆಳೆಯಬೇಡವೆಂದು, ನಗರದ ಫ್ಯಾನಿನ ಕೆಳಗೆ ಕುಳಿತವರು ಉಪದೇಶಿಸುವುದು ಸುಲಭ. ಆದರೂ ಕಬ್ಬಿನ ಹೊಲದ ನಡುವೆ ಎಳ್ಳಮಾವಾಸ್ಯೆಯ ಬುತ್ತಿ ಬಿಚ್ಚಿದಾಗ, ಗಡಿಗೆಯ ಒಂದು ಕಾಳೂ ಆ ನೆಲದ್ದಲ್ಲವೆಂದಾದರೆ, ಬಸುರಿಗೆ ಅಂಗಡಿಯಿಂದ ತಂದ ಬುತ್ತಿ ಉಣಿಸಿದಂತಾಗದೆ?

ಪರಿಹಾರವು ತೀರ ದೊಡ್ಡದಾಗಿರಬೇಕಿಲ್ಲ. ಕಬ್ಬು, ಹತ್ತಿಗಳ ಹೊಲಕ್ಕೂ ಬದುವಿರುತ್ತದೆ. ಅಲ್ಲಿ ನಾಲ್ಕು ತೊಗರಿಯ ಗಿಡ, ಎರಡು ಅವರೆಯ ಬಳ್ಳಿ, ನೀರ ಕಾಲುವೆಯ ಮಗ್ಗುಲಿಗೆ ಒಂದು ಮಡಿ ಮೆಂತ್ಯೆ, ಒಂದು ಮಡಿ ಉಳ್ಳಾಗಡ್ಡಿಯಿದ್ದರೆ ಸಕ್ಕರೆಯ ಕಾರ್ಖಾನೆಗೇನೂ ನಷ್ಟವಿಲ್ಲ. ಹೊಲವನ್ನು ಲಾವಣಿಗೆ ಕೊಡುವಾಗ ಬದುವಿನ ಒಂದು ಸಾಲು ಹಬ್ಬಕ್ಕೆಂದು ಮಾತನಾಡಿಕೊಳ್ಳಬಹುದು. ಹೊಲ ಹಿಡಿದವನ ಮನೆಗೂ ಹಬ್ಬವುಂಟಷ್ಟೆ. ನಗರದಲ್ಲಿರುವವರು ವರ್ಷಕ್ಕೊಂದು ದಿನವಾದರೂ ಮಕ್ಕಳನ್ನು ಆ ಬದುವಿನವರೆಗೆ ಕರೆದೊಯ್ದು, ತೊಗರಿಯ ಕಾಯಿಯನ್ನು ಅವರ ಕೈಯಿಂದಲೇ ಬಿಡಿಸಬೇಕು. ಅಳತೆಯ ಚೀಟಿ ಹೇಗೂ ಅಡುಗೆಮನೆಯ ಡಬ್ಬಿಯಲ್ಲಿ ಭದ್ರವಾಗಿರುತ್ತದೆ. ಆದರೆ ಉಡಿ ತುಂಬಿಕೊಳ್ಳುವುದನ್ನು ಹೊಲದಲ್ಲಿ ನಿಂತೇ ಕಲಿಯಬೇಕು.